ಮ್ಯಾನೇಜರ್ ಓದಿದ ನಾಲ್ಕು ಪುಟ

ಮೇಸ್ತ್ರಿ ಅಣ್ಣಾ,

ಇವತ್ತು ಬೆಳಿಗ್ಗೆ ಸರ್ಕಾರದವರು ಬಂದು ನಮ್ಮ ಕಾರ್ಖಾನೆಯ ಆರೂ ಪ್ಲಾಸ್ಟಿಕ್ ಚೀಲದ ಯಂತ್ರಗಳಿಗೆ ಬೀಗಮುದ್ರೆ ಹಾಕಿದರು. ತೆಳು ಚೀಲಕ್ಕೆ ನಿಷೇಧ ಬಂದೇ ಬರುತ್ತದೆ, ಈಗಲೇ ಕಾಗದದ ಚೀಲಕ್ಕೆ ಹೊರಳೋಣ ಎಂದು ಎರಡು ವರ್ಷದ ಹಿಂದೆಯೇ ನೀವು ನಾಲ್ಕು ಪುಟ ಬರೆದುಕೊಟ್ಟಿದ್ದಿರಿ. "ಬರ್ಲಿ ಬಿಡ್ರಿ, ಆಮೇಲೆ ನೋಡ್ಕೊಳ್ಳೋಣ" ಎಂದು ಮ್ಯಾನೇಜರ್ ನಕ್ಕಿದ್ದ. ಕೆಲಸಗಾರರಲ್ಲಿ ಭಯ ಹುಟ್ಟಿಸುತ್ತೀರಿ ಎಂದು ನಿಮ್ಮನ್ನು ಮನೆಗೂ ಕಳಿಸಿದ.

ಅಧಿಕಾರಿಗಳ ಮುಂದೆ ಆ ಮಹಾಶಯ ಕೈಕಟ್ಟಿ ನಿಂತು, "ನಂಗೆ ಯಾರೂ ಹೇಳ್ಲೇ ಇಲ್ಲ ಸಾರ್" ಎಂದು ಹಲ್ಲುಗಿಂಜಿದ. ಅವರ ಜೀಪು ಗೇಟು ದಾಟಿದ್ದೇ ತಡ, ಎಲ್ಲರನ್ನೂ ಗೋದಾಮಿನಲ್ಲಿ ಸೇರಿಸಿ ಎದೆಯುಬ್ಬಿಸಿದ. "ಹೀಗಾಗುತ್ತೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ನನ್ನ ಯೋಜನೆ ಕೇಳಿ" ಎಂದು ಓದತೊಡಗಿದ.

ಮೊದಲ ಸಾಲಿಗೇ ನನಗೆ ತಿಳಿಯಿತು. ನಿಮ್ಮ ಪುಟಗಳನ್ನು ಟೈಪ್ ಮಾಡಿದವಳು ನಾನೇ ಅಲ್ಲವೇ? 'ಗಿರಾಕಿ'ಯನ್ನು ನಾನು 'ಗರಾಕಿ' ಮಾಡಿದ್ದೆ. ಅದನ್ನೂ ಆ ಪುಣ್ಯಾತ್ಮ ಹಾಗೇ ಓದಿದ. ಕದಿಯುವುದಕ್ಕೂ ಸೋಮಾರಿತನ!

ಓದಿ ಮುಗಿಸಿ ನನ್ನ ಕಡೆಗೇ ತಿರುಗಿದ. ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತು.

"ಏನಮ್ಮಾ, ಹೇಗಿದೆ?"

"ಚೆನ್ನಾಗಿದೆ ಸಾರ್."

"ಹಾಗಾದ್ರೆ ಕಾಗದದ ವಿಭಾಗ ನೀನೇ ನೋಡ್ಕೊಳ್ಳಮ್ಮ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬೇಡ ಎನ್ನಲಿಲ್ಲ.

ನಿಮ್ಮ ಈಗಿನ ವಿಳಾಸ ನನ್ನ ಹತ್ತಿರ ಇದೆ, ಅಣ್ಣಾ. ಆದರೂ ಇದನ್ನು ಅಂಚೆಗೆ ಹಾಕುವುದಿಲ್ಲ. ಓದಿದರೆ ನೀವು ಅವನನ್ನಷ್ಟೇ ಬೈಯುತ್ತೀರಿ, ನನ್ನನ್ನಲ್ಲ.