ಮೆಟ್ಟಿಲ ಕೆಳಗೆ ಒರಗಿರುವ ಬಾಗಿಲು

ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವ ಕೋಣೆ ಯಾವ ಕೆಲಸಕ್ಕೆಂದು ತೀರ್ಮಾನಿಸುವ ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಸುಪರ್ದಿಯ ಒಂದು ಆಸ್ಪತ್ರೆಯಲ್ಲಿ ಆಪ್ತಸಮಾಲೋಚನೆಯ ಕೋಣೆಗೆ ಬಾಗಿಲಿಲ್ಲ. ಬಾಗಿಲಿಲ್ಲದ ಕಾರಣಕ್ಕೆ ಹದಿನೆಂಟು ವರ್ಷದ ನನ್ನ ಮಗಳು ಆಗಷ್ಟೇ ಆರಂಭಿಸಿದ್ದ ಮಾತನ್ನು ನಿಲ್ಲಿಸಿದ್ದಾಳೆ. ದೂರು ಇಷ್ಟೇ. ಇದಕ್ಕೆ ಒಂದು ಸಾಲಿನ ಅರ್ಜಿ ಸಾಕಿತ್ತು. ಅದನ್ನೂ ಆ ಆಸ್ಪತ್ರೆಯಲ್ಲೇ ಕೊಟ್ಟು ನೋಡಿ, ಉತ್ತರ ಬಾರದ ಮೇಲೆ ಎಲ್ಲರೆದುರು ಬರೆಯುತ್ತಿದ್ದೇನೆ.

ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ನೀವು ಬಾಗಿಲು ಹಾಕಿಸುವ ಮೊದಲು ಅಲ್ಲಿನ ಸಮಾಲೋಚಕಿಗೆ ನೋಟಿಸು ಕಳಿಸಬಹುದೆಂಬ ಭಯ ನನಗಿದೆ. ಹೆಸರುಗಳನ್ನೂ ಬದಲಿಸಿದ್ದೇನೆ. ಮಗಳನ್ನು ಸಿಂಚನಾ ಎಂದು ಕರೆಯುತ್ತೇನೆ. ಅದು ಅವಳೇ ಆರಿಸಿಕೊಟ್ಟ ಹೆಸರು. ಈ ಪತ್ರವನ್ನು ಅವಳು ಓದಿದ್ದಾಳೆ. ಒಂದು ವಾಕ್ಯ ಹೊಡೆದು ಹಾಕಿ, ಉಳಿದದ್ದಕ್ಕೆ ತಲೆಯಾಡಿಸಿದಳು.

ಕಳೆದ ವರ್ಷ ಡಿಗ್ರಿಗೆ ಸೇರಿದವಳು ಕೆಲವೇ ತಿಂಗಳಲ್ಲಿ ಕಾಲೇಜು ಬಿಟ್ಟು ಮನೆಯಲ್ಲಿ ಕೂತಳು. ಊಟ ಬಿಟ್ಟಳು. ನಾನು ಕನ್ನಡ ಎಂ.ಎ. ಓದಿದವಳು, ದುಃಖಕ್ಕೆ ಪದ್ಯಗಳಲ್ಲಿ ಮದ್ದಿದೆಯೆಂದು ನಂಬಿ ಬದುಕಿದವಳು. ಅವಳ ಹಾಸಿಗೆಯ ಪಕ್ಕ ಕೂತು ನನಗೆ ಇಷ್ಟವಾದ ಪದ್ಯಗಳನ್ನು ಓದಿದೆ. ಒಂದು ಸಂಜೆ ಅವಳು ಪುಸ್ತಕದ ಮೇಲೆ ಕೈಯಿಟ್ಟು, "ಅಮ್ಮ, ಪದ್ಯ ಬೇಡ. ನಂಗೆ ಯಾರ ಹತ್ರನಾದ್ರೂ ಮಾತಾಡ್ಬೇಕು. ನಿನ್ ಹತ್ರ ಅಲ್ಲ. ಒಬ್ಳೇ ಹೋಗಿ ಮಾತಾಡ್ಬೇಕು" ಎಂದಳು. ನನ್ನ ಹತ್ತಿರವಲ್ಲ ಎಂಬ ಮಾತು ಎಲ್ಲಿ ನಾಟಿತೆಂದು ನಿಮಗೆ ವಿವರಿಸುವುದಿಲ್ಲ. ಆದರೆ ಅವಳಾಗಿ ಏನನ್ನಾದರೂ ಬೇಕೆಂದು ಕೇಳಿ ಬಹಳ ಕಾಲವಾಗಿತ್ತು.

ಮೊದಲು ನಗರದ ಮನೋವೈದ್ಯರಲ್ಲಿಗೆ ಹೋದೆವು. ಅವರು ಮಾತ್ರೆ ಬರೆದರು, ಕೌನ್ಸೆಲಿಂಗ್ ಬೇಕೇಬೇಕೆಂದರು. ಹೊರಡುವಾಗ ನನ್ನನ್ನೂ ಗಂಡನನ್ನೂ ನಿಲ್ಲಿಸಿಕೊಂಡು, ಸದ್ಯಕ್ಕೆ ಅವಳ ಕೋಣೆಯ ಒಳಚಿಲಕ ತೆಗೆಸಿಬಿಡಿ ಎಂದರು. ನನ್ನ ಗಂಡನದು ಶಿರಾ ಗೇಟ್ ಬಳಿ ಹಾರ್ಡ್‌ವೇರ್ ಅಂಗಡಿ. ಊರಿಗೆಲ್ಲ ಚಿಲಕ ಮಾರುವ ಮನುಷ್ಯ ಅಂದು ಸ್ಕ್ರೂಡ್ರೈವರ್ ಹಿಡಿದು ತನ್ನ ಮಗಳ ಕೋಣೆಯ ಚಿಲಕ ಕಳಚಿದರು. ಬಿಚ್ಚಿದ ಸ್ಕ್ರೂಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದುಕೊಂಡು ಊಟಕ್ಕೆ ಕೂತರು. ಸಿಂಚನಾ ಎಲ್ಲವನ್ನೂ ನೋಡಿದಳು.

ನಿಮ್ಮ ಆಸ್ಪತ್ರೆಗೆ ಗುರುವಾರಗಳಂದು ಸಂಧ್ಯಾ ಎಂಬ ಸಮಾಲೋಚಕಿ ಬರುತ್ತಾರೆ. ಕೋಣೆಗೆ ಬಾಗಿಲಿನ ಜಾಗದಲ್ಲಿ ಹಸಿರು ಪರದೆ. ಪರದೆಯ ಪಕ್ಕದ ಗೋಡೆಗೆ ನಿಮ್ಮ ಇಲಾಖೆಯದೇ ಪೋಸ್ಟರ್: 'ನಿಮ್ಮ ಗೋಪ್ಯತೆಯನ್ನು ಕಾಪಾಡಲಾಗುವುದು.' ಪರದೆಯಿಂದ ಒಂದು ಮಾರು ದೂರದಲ್ಲಿ ಕಾಯುವವರ ಬೆಂಚು. ಮೊದಲ ದಿನವೇ ನನ್ನ ಮಗಳ ಉಸಿರೂ ನನಗೆ ಕೇಳಿಸಿತು. ಒಬ್ಳೇ ಎಂದಿದ್ದಳಲ್ಲ, ಅದಕ್ಕೆ ಎದ್ದು ಹೊರಗಿನ ನಲ್ಲಿಯ ಹತ್ತಿರ ಹೋಗಿ ನಿಂತೆ. ಬೆಂಚಿನಲ್ಲಿದ್ದ ಉಳಿದವರೂ ಎದ್ದು ಬರಲಿ ಎಂದು ಹೇಗೆ ಕೇಳಲಿ?

ಅಲ್ಲಿ ಕುಣಿಗಲ್ ಕಡೆಯ ತಾಯಿಯೊಬ್ಬರು ಪರಿಚಯವಾದರು. "ಅಲ್ಲೇ ತೋರ್ಸಿದ್ರೆ ನಮ್ಮೋರ್ಗೆಲ್ಲ ಗೊತ್ತಾಯ್ತದೆ ಅಂತ ಇಷ್ಟ್ ದೂರ ಕರ್ಕೊಂಡ್ ಬಂದ್ವಿ ಕಣಕ್ಕ" ಎಂದು ಮೆಲ್ಲಗೆ ಹೇಳುತ್ತಿದ್ದರು. ಅಷ್ಟರಲ್ಲಿ ನಿಮ್ಮ ಸಿಬ್ಬಂದಿ ಕಾರಿಡಾರಿನ ತುದಿಯಿಂದ ಕೂಗಿದರು: "ರೀ, ಕುಣಿಗಲ್ಲಿಂದ ಬಂದಿರೋರು ಯಾರ್ರೀ, ಮಾನಸಿಕದ್ದು? ಬರ್ರೀ ಒಳಗೆ!" ಗೋಪ್ಯತೆಯನ್ನು ಇಷ್ಟು ದೊಡ್ಡ ಗಂಟಲಿನಲ್ಲಿ ಕಾಪಾಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆದರೂ ಸಿಂಚನಾ ಹೋಗುತ್ತಿದ್ದಳು. ಹಿಂತಿರುಗುವಾಗ ಒಮ್ಮೆ ಬಸ್ಸಿನಲ್ಲಿ ತಾನಾಗಿಯೇ ಕಡಲೆಕಾಯಿ ಕೇಳಿದಳು. ಇನ್ನೊಮ್ಮೆ, "ಮುಂದಿನ್ ವಾರ ಒಂದ್ ವಿಷ್ಯ ಹೇಳ್ತೀನಿ ಅಂತ ಮೇಡಮ್ಗೆ ಮಾತು ಕೊಟ್ಟಿದೀನಿ" ಎಂದಳು. ಏನೆಂದು ನಾನು ಕೇಳಲಿಲ್ಲ. ಆ ವಾರವಿಡೀ ನಾನು ಯಾವ ದೇವರನ್ನು ಬೇಡಿಕೊಂಡೆನೋ ನನಗೇ ನೆನಪಿಲ್ಲ.

ಆ ಗುರುವಾರ ಬೆಳಿಗ್ಗೆ ಚೀಟಿ ಬರೆಯುವಾಗ ಸಿಬ್ಬಂದಿ ಕೂಗಿದ ನನ್ನ ಮಗಳ ಹೆಸರನ್ನು ಬೆಂಚಿನಲ್ಲಿದ್ದ ಚೇಳೂರಿನವರೊಬ್ಬರು ಕೇಳಿಸಿಕೊಂಡಿದ್ದಾರೆ. ಅಂದು ಬಹಳ ಜನ, ಸಿಂಚನಾಳ ಸರದಿ ಮಧ್ಯಾಹ್ನಕ್ಕೆ ಬಿತ್ತು. ಅಷ್ಟರೊಳಗೆ ಚೇಳೂರಿನಲ್ಲಿರುವ ನನ್ನ ಗಂಡನ ಅಕ್ಕ ಶಿವರುದ್ರಮ್ಮನವರಿಗೆ ಫೋನು ಹೋಗಿದೆ: ನಿಮ್ ತಮ್ಮನ ಮಗಳು ಆಸ್ಪತ್ರೆಲವಳೆ. ನಮ್ಮ ಕಡೆ ಆಸ್ಪತ್ರೆಯಲ್ಲಿ ಇದ್ದಾರೆಂದರೆ ನೋಡಲು ಹೋಗಲೇಬೇಕು, ಬರಿಗೈಯಲ್ಲಿ ಹೋಗಬಾರದು. ಅತ್ತಿಗೆ ಸಿಕ್ಕ ಬಸ್ಸು ಹತ್ತಿದರು. ಎಳನೀರು, ಬ್ರೆಡ್ಡು, ಮಠದಿಂದ ತಂದ ವಿಭೂತಿ ಎಲ್ಲವನ್ನೂ ಹೊತ್ತು, ನಲ್ಲಿಯ ಬಳಿ ನಿಂತಿದ್ದ ನನ್ನ ಕಣ್ಣಿಗೂ ಬೀಳದೆ, ಪರದೆ ಸರಿಸಿ ಒಳಗೆ ನಡೆದರು.

"ಅಯ್ಯೋ ನನ್ ಕಂದ, ಆಸ್ಪತ್ರೆಗ್ ಸೇರ್ಸವ್ರೆ ಅಂತ ನಂಗೊಂದ್ ಮಾತ್ ಹೇಳಬಾರ್ದಾ? ಏನ್ ಕಾಯ್ಲೆ ಡಾಕ್ಟ್ರಮ್ಮ?"

ಕಾಯಿಲೆಯಲ್ಲ, ಮಾತಾಡಿಸುತ್ತಿದ್ದೇನೆ ಎಂದರಂತೆ ಸಂಧ್ಯಾ.

"ಬರೀ ಮಾತಾಡ್ಸದಾ? ಮಾತಾಡ್ಸಕ್ಕೆ ಆಸ್ಪತ್ರೆ ಯಾಕವ್ವ, ನಾವೆಲ್ಲ ಸತ್ತೋಗಿದೀವಾ? ಹೇಳು ಮಗಳೇ, ಅದೇನ್ ನನ್ ಮುಂದೇ ಹೇಳು. ಯಾರೇನಂದ್ರು?"

ಅತ್ತಿಗೆಯ ದನಿ ಕೇಳಿ ನಾನು ಓಡಿ ಹೋಗುವಷ್ಟರಲ್ಲಿ ಮಗಳ ಹಣೆಯ ತುಂಬ ವಿಭೂತಿಯಿತ್ತು. "ಏನಿಲ್ಲ ಅತ್ತೆ, ತಲೆನೋವು" ಎಂದು ಅವಳು ನಗುತ್ತಿದ್ದಳು. ಆ ನಗುವನ್ನು ಮಾತ್ರ ನಾನು ಮತ್ತೆ ನೋಡಲಾರೆ.

ಅತ್ತಿಗೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆ ಬಿಸಿಲಿನಲ್ಲಿ ಎಳನೀರು ಹೊತ್ತು ಬಂದ ಪ್ರೀತಿಯನ್ನು ತಡೆಯಲು ಮನುಷ್ಯರಿಂದಾಗದು, ಬಾಗಿಲಿನಿಂದ ಮಾತ್ರ ಆಗುತ್ತದೆ. ಬಾಗಿಲಿದ್ದಿದ್ದರೆ ಅವರು ಹೊರಗೆ ಬೆಂಚಿನಲ್ಲಿ ಕೂತು ಕಾಯುತ್ತಿದ್ದರು.

ಆ ಬಾಗಿಲು ಎಲ್ಲಿ ಹೋಯಿತೆಂದು ವಿಚಾರಿಸಿದೆ. ಹಿಂದೆ ಅಲ್ಲಿಗೆ ಲಸಿಕೆಯ ದೊಡ್ಡ ಫ್ರಿಜ್ ತರುವಾಗ ಒಳಗೆ ಹೋಗಲಿಲ್ಲವೆಂದು ಬಾಗಿಲನ್ನೇ ಕಳಚಿದರಂತೆ. ಫ್ರಿಜ್ ಈಗ ಬೇರೆ ಕೋಣೆಯಲ್ಲಿದೆ. ಬಾಗಿಲು ಮೆಟ್ಟಿಲ ಕೆಳಗೆ ಪೊರಕೆಗಳ ಜೊತೆ ಒರಗಿ ನಿಂತಿದೆ. ನಾನೇ ಮುಟ್ಟಿ ನೋಡಿ ಬಂದೆ. ನನ್ನ ಗಂಡ ಆಸ್ಪತ್ರೆಯ ಕಚೇರಿಗೆ ಹೋಗಿ, "ಕೀಲು, ಚಿಲಕ ಎಲ್ಲಾ ನಮ್ ಅಂಗಡಿಯಿಂದ ತರ್ತೀನಿ, ಆಚಾರಿನೂ ನಾನೇ ಕರ್ಕೊಂಡ್ ಬರ್ತೀನಿ ಸಾರ್" ಎಂದು ಕೇಳಿಕೊಂಡರು. "ಸರ್ಕಾರಿ ಬಿಲ್ಡಿಂಗಿಗೆ ಹಂಗೆಲ್ಲ ಸ್ಕ್ರೂ ಹೊಡೆಯಂಗಿಲ್ಲ ಸ್ವಾಮಿ, ಮೇಲಿಂದ ಆರ್ಡರ್ ಬರ್ಬೇಕು" ಎಂಬ ಉತ್ತರ ಬಂತು. ಕಳಚುವಾಗ ಯಾವ ಮೇಲಿನಿಂದ ಆರ್ಡರ್ ಬಂದಿತ್ತು, ಮಾನ್ಯರೇ?

ಖಾಸಗಿಯವರಲ್ಲಿಗೆ ಹೋಗಿ ಎನ್ನುತ್ತಾರೆ. ಹೋಗಬಹುದು. ಆದರೆ ಒಬ್ಬರೆದುರು ಇಷ್ಟಿಷ್ಟೇ ತೆರೆದುಕೊಂಡ ಹುಡುಗಿಗೆ, ಏಳು, ಇನ್ನೊಬ್ಬರ ಮುಂದೆ ಮೊದಲಿನಿಂದ ಶುರು ಮಾಡು ಎಂದು ಹೇಳುವ ಎದೆ ನನಗಿಲ್ಲ. ಕುಣಿಗಲ್ಲಿನ ಆ ತಾಯಿ ಇನ್ನೂ ಎಷ್ಟು ದೂರ ಹೋಗಬೇಕು? ಮಾನಸಿಕ ಆರೋಗ್ಯ ದಿನದ ಜಾಥಾದಲ್ಲಿ ನಿಮ್ಮ ಇಲಾಖೆಯೇ ಮೈಕು ಹಿಡಿದು, ಯುವಜನರೇ ಮನಸ್ಸು ಬಿಚ್ಚಿ ಮಾತನಾಡಿ ಎಂದಿತ್ತಲ್ಲ, ಎಲ್ಲಿ ಕೂತು ಮಾತನಾಡಬೇಕೆಂದು ಯಾರಾದರೂ ಯೋಚಿಸಿದ್ದಿರಾ?

ಸಂಧ್ಯಾ ಪ್ರತಿ ವಾರ ಫೋನು ಮಾಡುತ್ತಾರೆ, ಕಾಯುತ್ತೇನೆ ಎನ್ನುತ್ತಾರೆ. ಸಿಂಚನಾ ಹೋಗುವುದಿಲ್ಲ ಎನ್ನುವುದೂ ಇಲ್ಲ. ಗುರುವಾರ ಬೆಳಿಗ್ಗೆ ಸ್ನಾನ ಮಾಡಿ, ಜಡೆ ಹಾಕಿಕೊಂಡು, ಅಡುಗೆಮನೆಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾಳೆ: "ಬಾಗಿಲು ಹಾಕಿದ್ರಾ ಅಮ್ಮ?" ಇಲ್ಲ ಎನ್ನುತ್ತೇನೆ. ಅವಳು ಚಿಲಕವಿಲ್ಲದ ತನ್ನ ಕೋಣೆಗೆ ಹೋಗಿ ಬಾಗಿಲನ್ನು ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಅದು ಪೂರ್ತಿ ಮುಚ್ಚುವುದಿಲ್ಲ. ಒಂದು ಗೆರೆಯಷ್ಟು ಬೆಳಕು ಉಳಿಯುತ್ತದೆ. ಹಗಲೆಲ್ಲ ನಾನು ಆ ಗೆರೆಯನ್ನೇ ನೋಡುತ್ತ ಕೂರುತ್ತೇನೆ.

ಹೊಸ ಕಟ್ಟಡ ಬೇಡ, ಹೊಸ ಯೋಜನೆ ಬೇಡ. ಮೆಟ್ಟಿಲ ಕೆಳಗಿನ ಬಾಗಿಲನ್ನು ಅದರ ಜಾಗಕ್ಕೆ ಕೂರಿಸಲು ಆದೇಶ ಕೊಡಿ. ಯಾವ ಆಸ್ಪತ್ರೆಯೆಂದು ತಿಳಿಯದಿದ್ದರೆ ನಿಮ್ಮ ಎಲ್ಲ ಆಸ್ಪತ್ರೆಗಳಿಗೂ ಕೊಡಿ. ಮುಂದಿನ ಗುರುವಾರಕ್ಕೆ ಮೊದಲು ಕೊಡಿ. ಅವಳು ಕೇಳುವುದನ್ನೂ ನಿಲ್ಲಿಸಿದ ಮೇಲೆ ನಿಮ್ಮ ಆದೇಶದಿಂದ ನನಗೆ ಏನೂ ಆಗಬೇಕಿಲ್ಲ.

ಇಂತಿ,
ತನ್ನ ಮಗಳ ಮಾತು ತನಗೂ ಕೇಳಿಸದಿರಲೆಂದು ನಿಮ್ಮ ಆಸ್ಪತ್ರೆಯ ನಲ್ಲಿಯ ಬಳಿ ನಿಲ್ಲುತ್ತಿದ್ದವಳು,
ತುಮಕೂರು