ಎಡ ಮಾನಿಟರಿನ ಹನ್ನೆರಡು ಪಾಯಿಂಟ್

3 ಫೆಬ್ರವರಿ, ಸೋಮವಾರ, ಸಂಜೆ
ಶ್ರೀಮನ್ಮಹಾರಾಜಾಧಿರಾಜ, ಸಂಶಿಗ್ರಾಮ ಮುದ್ರಣ ಸಿಂಹಾಸನಾಧೀಶ್ವರ, ದ್ವಿಮಾನಿಟರ್ ಚಕ್ರವರ್ತಿ ಹೊಳೆಪ್ಪ ಕಾಕಾ ಅವರ ಪ್ರೆಸ್ಸಿನ ಏಕೈಕ ಡಿಸೈನರ್ ಗೌರೀಶನ ವರದಿ. ಮದುವೆ ಕಾರ್ಡು ನಾಲ್ಕು. ಚಹಾ ಐದು. ವಿಪತ್ತು ಒಂದು.

ನನ್ನ ಬಲ ಮಾನಿಟರಿನಲ್ಲಿ ಅಕ್ಷರ ಶೇಂಗಾಕಾಳಿನಷ್ಟು. ಅದೇ ಕಾರ್ಡನ್ನು ಪ್ರೂಫ್ ನೋಡಲು ಕಾಕಾನ ಎಡ ಮಾನಿಟರಿಗೆ ಎಳೆದರೆ — ಸಾಸಿವೆ! ಮೊದಲು ಸೀಸದ ಅಚ್ಚುಮೊಳೆ ಜೋಡಿಸಿದ ಮನುಷ್ಯ. ಸಿಟ್ಟಿಗೆದ್ದರು.

"ಹನ್ನೆರಡು ಪಾಯಿಂಟ್ ಅಕ್ಷರ ಅಂದ್ರ ಎಲ್ಲಿಟ್ರೂ ಹನ್ನೆರಡ ಪಾಯಿಂಟಲೇ! ಮೊಳೆ ಈ ಟೇಬಲ್ ಬಿಟ್ಟು ಆ ಟೇಬಲ್ಲಿಗೆ ಹೋದ್ರ ಸಣ್ಣದಾಗತೈತೇನು?"

"ಸ್ಕೇಲ್ ಕೆಟ್ಟೈತ್ರಿ ಕಾಕಾ." ನಾನು, ಪರಮ ಗಂಭೀರ.

ಡ್ರಾವರ್ ಎಳೆದು ಸ್ಟೀಲ್ ಪಟ್ಟಿ ತೆಗೆದರು. "ತಗೋ, ಈ ಸ್ಕೇಲ್ ಕೆಟ್ಟಿಲ್ಲ."

ಅಳೆದೇ ಬಿಟ್ಟರು. ವಧುವಿನ ಹೆಸರು ಬಲಕ್ಕೆ ಒಂಬತ್ತು ಸೆಂಟಿಮೀಟರ್, ಎಡಕ್ಕೆ ಆರು. ನಗು ತಡೆಯಲು ಕೆಮ್ಮಿದೆ.

4 ಫೆಬ್ರವರಿ, ಮಂಗಳವಾರ
ಎಡದ ಸ್ಕೇಲಿಂಗ್, ಅಂದರೆ ತೆರೆಯ ಮೇಲಿನ ಗಾತ್ರ, ಶೇಕಡಾ 100 ಇತ್ತು. ಬಲದ್ದರಂತೆ 150 ಮಾಡಿದೆ. ಅಳತೆ ಕೂಡಿತು. ಆದರೆ ಅಕ್ಷರವೆಲ್ಲ ಮಸುಕು... ಹಸಿ ಮಸಿಯ ಮೇಲೆ ಬೆರಳು ಎಳೆದಂತೆ. ಕಾಕಾ ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.

"ನನಗೂ ಮಸುಕ ಕಾಣತೈತ್ರಿ ಕಾಕಾ. ಮಷೀನಿನ ತಪ್ಪರಿ ಅದು."

"ಸಮಾಧಾನ ಮಾಡಬ್ಯಾಡಲೇ. ನಿನ್ನ ಮಾತು ಯಾವತ್ತು ಖರೇ ಇತ್ತು?"

ಬೈಯಲಿಲ್ಲ. ಅದೇ ಹೆದರಿಕೆ.

7 ಫೆಬ್ರವರಿ, ಶುಕ್ರವಾರ
ಮೂರು ದಿನದಿಂದ ಕಾಕಾ ಇಲ್ಲ. ಇವತ್ತು ಅವರ ಹೆಂಡತಿ ಮಹಾದೇವಕ್ಕ ಬಂದು ಪ್ರೆಸ್ಸಿನ ಕೀಲಿ ನನ್ನ ಟೇಬಲ್ ಮೇಲಿಟ್ಟರು.

"ಇನ್ನ ಪ್ರೂಫ್ ನೀನ ನೋಡಬೇಕಂತಪಾ. ಬಲಕ್ಕ ಛಲೋ ಕಾಣ್ತೈತಿ, ಎಡಕ್ಕ ಮಂಜು... ಎಡಗಣ್ಣು ಹೋತು ಅಂತ ಕುಂತಾರ. ಪೇಪರ್ ಸೈತ ಮುಟ್ಟವಲ್ರು."

ನಲವತ್ತು ವರ್ಷ ಒಂದು ಒತ್ತಕ್ಷರವನ್ನೂ ತಪ್ಪಿಸಿಕೊಳ್ಳಲು ಬಿಡದ ಕಣ್ಣು.

ಊಟದ ಡಬ್ಬಿ ತೆರೆಯಲಿಲ್ಲ. ಕೇಬಲ್ ಬದಲಿಸಿದೆ. ಡ್ರೈವರ್ ಸಾಫ್ಟ್‌ವೇರ್ ಬದಲಿಸಿದೆ. ಕೊನೆಗೆ ಎಲ್ಲ ಮುಚ್ಚಿ ಕಂಪ್ಯೂಟರಿನಿಂದ ಸೈನ್ ಔಟ್, ಮತ್ತೆ ಸೈನ್ ಇನ್. ಸ್ಕೇಲಿಂಗ್ ಬದಲಿಸಿದ ಮೇಲೆ ಬೇಕಿದ್ದುದು ಅಷ್ಟೇ! ಅಕ್ಷರ ತೊಳೆದಿಟ್ಟಂತೆ.

8 ಫೆಬ್ರವರಿ, ಶನಿವಾರ, ಸಂಜೆ
ಕಾಕಾನನ್ನು ಬೈಕಿನಲ್ಲಿ ಪ್ರೆಸ್ಸಿಗೆ ಹೇರಿಕೊಂಡು ಬಂದೆ. ಕೈಗೆ ಸ್ಟೀಲ್ ಪಟ್ಟಿ ಕೊಟ್ಟೆ. ನನ್ನನ್ನು ನಂಬದಿದ್ದರೂ ಅದನ್ನು ನಂಬುತ್ತಾರೆ. ಬಲಕ್ಕೆ ಒಂಬತ್ತು. ಎಡಕ್ಕೆ ಒಂಬತ್ತು. ಆಮೇಲೆ ತೆರೆಗೆ ಬಗ್ಗಿ ಓದಿದರು.

"ಲೇ ಗೌರ್ಯಾ! ಮದುಮಗಳು ದಾನೇಶ್ವರಿಯ ದೀರ್ಘ ತಿಂದಿಯೇನಲೇ, ಕತ್ತೆ? 'ದಾನೆಶ್ವರಿ' ಅಂತೈತಿ!"

ಮೂರು ಸಲ ಓದಿದ್ದೆ. ನನಗೆ ಸಿಕ್ಕಿರಲಿಲ್ಲ. ಇಷ್ಟು ಚಂದದ ಬೈಗುಳ ಕೇಳಿ ಎಷ್ಟು ದಿನವಾಗಿತ್ತು!

ಮಂಡಕ್ಕಿಯ ಗಿರಮಿಟ್ ತರಿಸಿದರು. ಕೀಲಿ ತಿರುಗಿ ಕಿಸೆಗೆ ಹಾಕಿಕೊಂಡರು. "ನನ್ನ ಕಣ್ಣು ಉಳಿಸಿದಿಪಾ ತಮ್ಮಾ" ಎಂದು ಬೆನ್ನು ಸವರಿದರು. ನಾನು ಗಿರಮಿಟ್ ತಟ್ಟೆ ಬದಿಗಿಟ್ಟೆ.

ವರದಿಯಲ್ಲಿ ಒಂದು ಸಾಲು ಬಿಟ್ಟಿದ್ದೇನೆ. ಸೋಮವಾರ ಮಧ್ಯಾಹ್ನ ಕಾಕಾ ಊಟಕ್ಕೆ ಹೋದಾಗ, ಸುಮ್ಮನೆ ಸ್ವಲ್ಪ ಕಾಡಿಸೋಣವೆಂದು, ಎಡ ಮಾನಿಟರಿನ 150 ತೆಗೆದು 100 ಇಟ್ಟವನು —