ಮನಸ್ಸಿಲ್ಲ ಎನ್ನುವವರಿಗೆ ಚೌಕವಿಲ್ಲದ ಅರ್ಜಿ

ಮಾನ್ಯ ಪ್ರಾಂಶುಪಾಲರೇ,

ಮದುವೆಯೇ ಆಗದ ನನ್ನ ಮಗಳು ಪುಣೆಯ ನಿಮ್ಮ ಕಾಲೇಜಿಗೆ ಮರಳಬೇಕಾದರೆ ಅವಳ ಗಂಡನ ಒಪ್ಪಿಗೆ ಪತ್ರ ಬೇಕೆಂದು ನಿಮ್ಮ ಕಚೇರಿ ಕೇಳುತ್ತಿದೆ. ಗಂಡ ಬಿಟ್ಟಿದ್ದರೆ ವಿಚ್ಛೇದನದ ಆದೇಶ, ತೀರಿಕೊಂಡಿದ್ದರೆ ಮರಣ ಪತ್ರ. ಇಲ್ಲದವನಿಂದ ಸಹಿ ಮಾಡಿಸುವುದು ಹೇಗೆ? ಹುಟ್ಟದ ಅಳಿಯನನ್ನು ಸಾಯಿಸುವುದು ಹೇಗೆ? ಇದನ್ನು ನಿಮಗೆ ಮರಾಠಿಯಲ್ಲಿ ಎರಡು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಬರೆದು ಕೇಳಿದೆ. ಉತ್ತರ ಬರಲಿಲ್ಲ. ಓದದೇ ಇರುವವರಿಗೆ ಯಾವ ಭಾಷೆಯಾದರೇನು ಎಂದುಕೊಂಡು ಈ ಸಲ ನನ್ನ ಭಾಷೆಯಲ್ಲೇ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಮಗಳು ಶೈಲಾ ನಿಮ್ಮಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಳು. ಫೇಲಾದವಳಲ್ಲ, ಯಾರೊಂದಿಗೂ ಜಗಳವಾಡಿದವಳಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವಳು ಒಂದು ಕಾಲಿಗೆ ಬೂಟು ಹಾಕಿಕೊಂಡು ಹಾಗೆಯೇ ಕುಳಿತುಬಿಟ್ಟಳು. "ಅಪ್ಪಾ, ಮನಸ್ಸs ಇಲ್ಲ. ಯಾಕ ಓದಾಕತ್ತೇನಿ ಗೊತ್ತಾಗವಲ್ದು. ಇರಬೇಕೋ ಬಿಡಬೇಕೋ, ಒಂದು ವರ್ಷ ವಿಚಾರ ಮಾಡ್ತೀನಿ" ಎಂದಳು. ನಾನು ಬೈದೆ. ನನ್ನ ಹೆಂಡತಿ ಕಾಶವ್ವ ದೃಷ್ಟಿ ತೆಗೆದಳು. ನೀವೂ ಸುಮ್ಮನಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಅದೇ ತಿಂಗಳು ಸಭಾಂಗಣದಲ್ಲಿ ಮೂರು ಗಂಟೆಯ ಪ್ರೇರಣಾ ಉಪನ್ಯಾಸ ಏರ್ಪಡಿಸಿ, ಬಾಗಿಲು ಹಾಕಿ, ಹಾಜರಿ ತೆಗೆದುಕೊಂಡಿರಿ. ಶೈಲಾ ಮನೆಗೆ ಬಂದು, "ಅವರು ಒದರಿದ್ದಕ್ಕ ತಲಿನೋವು ಬಂತು, ಮನಸ್ಸೇನೂ ಬರ್ಲಿಲ್ಲ" ಎಂದಳು. ಆಪ್ತ ಸಲಹೆಯ ಕೋಣೆಗೂ ಹೋಗಿದ್ದಳಂತೆ. ಅಲ್ಲಿ ಮುರಿದ ಬೆಂಚುಗಳಿದ್ದವು. ಸಲಹೆ ಅವುಗಳಿಗೇ ಹೆಚ್ಚು ಅಗತ್ಯವಿತ್ತೇನೋ.

ಕೊನೆಗೆ ನಾನೇ ಸೋತು ಅವಳೊಡನೆ ನಿಮ್ಮ ಕಚೇರಿಗೆ ಬಂದೆ. ಒಂದು ವರ್ಷದ ತಾತ್ಕಾಲಿಕ ಬಿಡುವಿಗೆ ಅರ್ಜಿ ಕೊಟ್ಟರು. ಕಾರಣಕ್ಕೆ ಐದು ಚೌಕಗಳು: ಅನಾರೋಗ್ಯ, ಆರ್ಥಿಕ ಅಡಚಣೆ, ಪಾಲಕರ ವರ್ಗಾವಣೆ, ಮದುವೆ, ಮರಣ. ತಾತ್ಕಾಲಿಕ ಬಿಡುವಿಗೆ ಮರಣ! ಅದೂ ವಿದ್ಯಾರ್ಥಿ ಖುದ್ದಾಗಿ ಬಂದು ಗುಮಾಸ್ತರ ಎದುರಿಗೇ ಸಹಿ ಹಾಕಬೇಕು. ಒಂದು ವರ್ಷದ ಮಟ್ಟಿಗೆ ಸತ್ತು ಮರಳಿ ಬರುವ ಅನುಕೂಲವನ್ನು ಇಡೀ ಪುಣೆಯಲ್ಲಿ ನೀವೊಬ್ಬರೇ ಒದಗಿಸಿರಬೇಕು. ಆದರೆ ಓದುವ ಮನಸ್ಸು ಇಲ್ಲದಿರುವುದು ನಿಮ್ಮ ಪ್ರಕಾರ ಸಾವಿಗಿಂತಲೂ ಅಪರೂಪ. ಅದಕ್ಕೆ ಚೌಕವೇ ಇಲ್ಲ.

ಕಿಟಕಿಯಲ್ಲಿದ್ದ ಗುಮಾಸ್ತ ಮಧುಕರ್ ಸೊಲ್ಲಾಪುರದವರು, ಕನ್ನಡ ಬಲ್ಲವರು. ನಮ್ಮವರು ಸಿಕ್ಕರೆಂದು ನನಗೆ ಜೀವ ಬಂದಂತಾಯಿತು. ಅವರು ದನಿ ತಗ್ಗಿಸಿ, "ಮನಸ್ಸಿಲ್ಲ ಅನ್ನೂದು ಕಾರಣ ಅಲ್ರಿ. ಜಡ್ಡು ಅಂದ್ರ ಡಾಕ್ಟರ್ ಚೀಟಿ ಕೇಳ್ತಾರ. ಲಗ್ನ ಅಂತ ಬರೀರಿ, ಯಾರೂ ಏನೂ ಕೇಳಂಗಿಲ್ಲ" ಎಂದರು. ಶೈಲಾ ನನ್ನ ಮುಖ ನೋಡಿದಳು. ನಾನು ಪೆನ್ನು ತೆಗೆದುಕೊಂಡು ಮದುವೆಯ ಚೌಕಕ್ಕೆ ಗುರುತು ಹಾಕಿದೆ.

ಸ್ವಾಮೀ, ನಾನು ಖಡಕಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದವನು. ಒಂದು ಬೋಲ್ಟನ್ನು ತಿರಸ್ಕರಿಸಿದರೂ ಅದಕ್ಕೆ ಚೀಟಿ ಕಟ್ಟಿ, ಇರುವ ದೋಷವನ್ನು ಇದ್ದ ಹಾಗೆ ಬರೆಯಬೇಕಿತ್ತು. ಬಿರುಕಿದ್ದರೆ ಬಿರುಕು, ಅಳತೆ ತಪ್ಪಿದ್ದರೆ ಅಳತೆ. ಬೋಲ್ಟಿಗೆ ಸುಳ್ಳು ಬರೆಯದ ಕೈ ಮಗಳಿಗೆ ಸುಳ್ಳು ಬರೆಯಿತು. ಯಾಕೆಂದರೆ ಮಗಳಿಗೆ ಲಗ್ನ ಎಂದು ಹೇಳಲು ನನಗೆ ನಾಚಿಕೆಯಿರಲಿಲ್ಲ. ಮನಸ್ಸಿಲ್ಲ ಎಂದು ಹೇಳಲು ಇತ್ತು.

ನಿಮ್ಮ ಕಚೇರಿ ಕಡತ ಮುಟ್ಟುವುದು ನಿಧಾನವಾದರೂ ಶುಭಾಶಯ ಕೋರುವುದರಲ್ಲಿ ಚುರುಕು. ವಾರದೊಳಗೆ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಶೈಲಾಳ ನವಜೀವನಕ್ಕೆ ಗುಲಾಬಿ ಹೂಗಳು ಅರಳಿದವು. ಕ್ಯಾಂಪ್ ಬಡಾವಣೆಯಲ್ಲಿ ಹೋಟೆಲು ಇಟ್ಟಿರುವ ಉಡುಪಿ ಕಡೆಯ ದೇವದಾಸ್ ಅವರ ತಂಗಿಯ ಮಗಳು ಅದೇ ತರಗತಿಯವಳು. ಅವರು ಫೋನು ಮಾಡಿ, "ಮದುವೆಗೆ ಕರೆಯುವುದು ಬೇಡ ಮಾರಾಯ್ರೇ, ಊಟದ ಆರ್ಡರಾದರೂ ನಮಗೆ ಕೊಡಬಾರದಿತ್ತಾ?" ಎಂದು ಮುನಿಸಿಕೊಂಡರು. ಓಡಿಹೋಗಿ ಆದ ಮದುವೆಯೇ, ಹುಡುಗ ಬೇರೆ ಜಾತಿಯವನೇ ಎಂದು ಕನ್ನಡ ಸಂಘದ ಹೆಂಗಸರು ಕಾಶವ್ವನನ್ನು ವಿಚಾರಿಸಿದರು. ಅವಳು ಎರಡು ತಿಂಗಳು ಸಂಘದ ಕಡೆ ಹೋಗಲಿಲ್ಲ.

ಇಷ್ಟರಲ್ಲಿ ಶೈಲಾ ಹಿಂಜವಾಡಿಯಲ್ಲಿ ಲಿಫ್ಟು ದುರಸ್ತಿ ಮಾಡುವ ಕಂಪನಿಯೊಂದರಲ್ಲಿ ಫೋನಿನ ಮುಂದೆ ಕುಳಿತಳು. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಕೂಗುತ್ತಾರೆ, ಇವಳು ಸಮಾಧಾನ ಹೇಳಿ ಮೆಕ್ಯಾನಿಕ್ಕನ್ನು ಕಳಿಸಬೇಕು. ಒಮ್ಮೆ ಒಬ್ಬ ಬಸುರಿ ನಲವತ್ತು ನಿಮಿಷ ಸಿಕ್ಕಿಕೊಂಡಿದ್ದಳು. ಅಷ್ಟು ಹೊತ್ತೂ ಶೈಲಾ ಅವಳೊಂದಿಗೆ ಮಾತಾಡುತ್ತಲೇ ಇದ್ದಳು. ಆ ಮೇಲೆ ಅದು ಯಾಕೆ ನಿಂತಿತು ಎಂದು ಮೆಕ್ಯಾನಿಕ್ಕನ ಬೆನ್ನು ಹತ್ತಿದಳು. ಮೋಟಾರು, ಬ್ರೇಕು, ರಿಲೇ ಎಂದು ಮನೆಯಲ್ಲಿ ಧೂಳು ಹಿಡಿದ ನಿಮ್ಮ ಪಠ್ಯಪುಸ್ತಕ ತೆಗೆದಳು. ಹೋದ ತಿಂಗಳು, "ಅಪ್ಪಾ, ಪೂರಾ ಅಲ್ಲ, ಅರ್ಧ ಮನಸ್ಸು ಬಂದದ. ಅಷ್ಟs ತೊಗೊಂಡು ಹೋಗಿ ನೋಡ್ತೀನಿ" ಎಂದಳು. ನಿಮ್ಮ ಉಪನ್ಯಾಸಕಾರರು ಮೂರು ಗಂಟೆ ಒದರಿ ಕೊಡಲಾಗದ್ದನ್ನು ಒಂದು ಕೆಟ್ಟ ಲಿಫ್ಟು ಕೊಟ್ಟಿತ್ತು.

ಆದರೆ ನಿಮ್ಮ ನಿಯಮ ಹೇಳುತ್ತದೆ: ಯಾವ ಕಾರಣಕ್ಕೆ ಬಿಡುವು ಪಡೆದರೋ ಅದು ಮುಗಿದಿದೆ ಎಂದು ತೋರಿಸಬೇಕು, ಕಾರಣ ಮದುವೆಯಾಗಿದ್ದರೆ ಗಂಡನ ಒಪ್ಪಿಗೆಯನ್ನಾದರೂ ತರಬೇಕು. ಕಾಯಿಲೆ ಮುಗಿಯಬಹುದು, ವರ್ಗಾವಣೆ ಮುಗಿಯಬಹುದು. ಆಗದ ಮದುವೆ ಮುಗಿಯುವುದು ಎಂದು? ಮಧುಕರ್ ಈ ಸಲವೂ ಕೈಬಿಡಲಿಲ್ಲ. "ಕೋರ್ಟಿನ ಆದೇಶ ಇಲ್ಲಂದ್ರೂ ನಡೀತದ, ಲಗ್ನ ಮುರೀತು ಅಂತ ಒಂದು ಅಫಿಡವಿಟ್ ಮಾಡ್ಸಿಬಿಡ್ರಿ, ಭಾಳ ಸರಳ ಅದ" ಎಂದರು. ನಾನು ಆಗಲಿ ಎನ್ನುವಷ್ಟರಲ್ಲಿ ಶೈಲಾ ಅಡ್ಡ ಬಂದಳು. "ಒಂದು ಸುಳ್ಳು ನೀ ಬರದಿ, ನಾ ಸುಮ್ನ ನೋಡ್ಕೋತ ನಿಂತೆ. ಎರಡನೇದು ನಾ ಬರಿಯಂಗಿಲ್ಲ. ಖರೇ ಹೇಳಿದ್ರ ಸೀಟು ಹೋಗ್ತದಂದ್ರ ಹೋಗ್ಲಿ."

ಆ ಕಿಟಕಿಯ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ. ಒಂದು ವರ್ಷದಲ್ಲಿ ಅವಳು ಏನು ಕಲಿತಳೆಂದು ನೀವು ಕೇಳಿದರೆ ಹೇಳಲು ನನಗೆ ಇದೊಂದು ಸಾಕು. ನಿಮ್ಮ ಪ್ರತಿ ತರಗತಿಯ ಹಿಂದಿನ ಬೆಂಚುಗಳಲ್ಲಿ ಮನಸ್ಸಿಲ್ಲದೆ ಕುಳಿತು ಹಾಜರಿ ತುಂಬಿಸುವ ಮಕ್ಕಳನ್ನು ನೀವು ಉತ್ತಮ ವಿದ್ಯಾರ್ಥಿಗಳೆಂದು ಲೆಕ್ಕ ಹಿಡಿಯುತ್ತೀರಿ. ಎದ್ದು ನಿಂತು ಮನಸ್ಸಿಲ್ಲ ಎಂದವಳಿಗೆ ಗಂಡನನ್ನು ಗಂಟು ಹಾಕುತ್ತೀರಿ. ನಿಮಗೆ ಬೇಕಾದದ್ದು ವಿದ್ಯಾರ್ಥಿಗಳೋ, ಭರ್ತಿಯಾದ ಬೆಂಚುಗಳೋ?

ಮರುಪ್ರವೇಶಕ್ಕೆ ಇದೇ ಶುಕ್ರವಾರ ಸಂಜೆ ನಾಲ್ಕು ಗಂಟೆ ಕೊನೆ. ಮದುವೆಯ ಚೌಕಕ್ಕೆ ಗುರುತು ಹಾಕಿದ ಕೈ ನನ್ನದು. ಸುಳ್ಳು ಬರೆದದ್ದಕ್ಕೆ ಶಿಕ್ಷೆಯಿದ್ದರೆ ನನಗೆ ಕೊಡಿ. ಆ ಶುಕ್ರವಾರ ಶೈಲಾ ಒಂದು ಬಿಳಿ ಹಾಳೆಯಲ್ಲಿ ನಡೆದದ್ದನ್ನೆಲ್ಲ ಬರೆದುಕೊಂಡು ನಿಮ್ಮ ಬಾಗಿಲಿಗೆ ಬರುತ್ತಾಳೆ. ಅದನ್ನು ಓದಿ ಅವಳನ್ನು ಸೇರಿಸಿಕೊಳ್ಳಿ. ಸೇರಿಸಿಕೊಳ್ಳುವುದಿಲ್ಲವಾದರೆ ಅದೇ ಹಾಳೆಯ ಕೆಳಗೆ ಯಾಕೆ ಎಂದು ನಿಮ್ಮ ಕೈಯಾರೆ ಬರೆದು ಸಹಿ ಹಾಕಿ. ಒಂದೇ ಒಂದು ವಿನಂತಿ, ದಯವಿಟ್ಟು ನಿಜವಾದ ಕಾರಣವನ್ನೇ ಬರೆಯಿರಿ.

ಇಂತಿ,
ಮಗಳನ್ನು ಕಾಗದದ ಮೇಲೆ ಧಾರೆಯೆರೆದ ತಪ್ಪಿಗೆ ತಲೆತಗ್ಗಿಸಿದ,
ಫಕೀರಪ್ಪ, ಖಡಕಿ